ಸದ್ದು ನಿಂತರೆ ಎಚ್ಚರ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವನು ಯಾರೋ ನನಗೆ ಗೊತ್ತಿಲ್ಲ. ಆದರೆ ಅವನು ಹಗಲು ಪಾಳಿಯ ನೌಕರನಾಗಿದ್ದ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಮನೆಯಲ್ಲಿ ನಾನು ಉಂಡು ಮಲಗುವುದು ಬೆಳಿಗ್ಗೆ ಒಂಬತ್ತಕ್ಕೆ, ನನ್ನ ಹೆಂಡತಿ ಉಂಡು ಮಲಗುವುದು ರಾತ್ರಿ ಹತ್ತಕ್ಕೆ. ಒಬ್ಬರು ಮಲಗುವಾಗ ಇನ್ನೊಬ್ಬರು ಎದ್ದಿರುತ್ತೇವೆ. ಹೀಗಾಗಿ ನಾನು ರಾತ್ರಿ ಪಾಳಿಗೆ ಸೇರಿದ ವರ್ಷ ಶುರುವಾದ ಒಂದು ಜಗಳ (ಒದ್ದೆ ಟವೆಲನ್ನು ಬಾಗಿಲ ಮೇಲೆ ಹರವಬಹುದೇ, ಕೂಡದೇ ಎಂಬುದು) ಮುಗಿಯಲು ಹೊತ್ತು ಸಿಗದೆ ಇವತ್ತಿಗೂ ಮನೆಯಲ್ಲಿ ಓಡಾಡಿಕೊಂಡಿದೆ.

ನಾನು ಊರಿಗೆ ನೀರು ಕಳಿಸುವ ಪಂಪ್‌ಹೌಸಿನಲ್ಲಿ ಆಪರೇಟರು. ಹನ್ನೊಂದು ವರ್ಷದಿಂದ ರಾತ್ರಿ ಪಾಳಿ. ಹತ್ತಕ್ಕೆ ಹೋದರೆ ಬೆಳಿಗ್ಗೆ ಆರಕ್ಕೆ ಬಿಡುಗಡೆ. ಅಲ್ಲಿ ಮೂರು ಪಂಪುಗಳಿವೆ. ಎರಡು ಓಡುತ್ತವೆ, ಒಂದು ಬದಲಿಗೆಂದು ಸುಮ್ಮನೆ ನಿಂತಿರುತ್ತದೆ. ಆ ಕಟ್ಟಡದಲ್ಲಿ ಸರಿಯಾಗಿ ವಿಶ್ರಾಂತಿ ಪಡೆಯುವುದು ಅದೊಂದೇ ಎಂದು ನಾನು ಮನೆಯಲ್ಲಿ ಆಗಾಗ ಹೇಳುತ್ತಿದ್ದೆ. ನಮ್ಮ ಕೆಲಸದ ಗುಟ್ಟೆಲ್ಲ ಇರುವುದು ಕಿವಿಯಲ್ಲಿ. ಪಂಪು ಗುಂಯ್ ಎನ್ನುತ್ತಿದ್ದರೆ ಲೋಕ ಕ್ಷೇಮ. ಆ ಸದ್ದು ನಿಂತಿತೋ, ಕರೆಂಟು ಹೋಗಿದೆ ಅಥವಾ ಮೋಟರು ಕೆಟ್ಟಿದೆ ಎಂದರ್ಥ. ಕೂಡಲೇ ಎದ್ದು ವಾಲ್ವ್ ತಿರುಗಿಸಿ ಬದಲಿ ಪಂಪು ಹಾಕಬೇಕು. ಈ ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ಎರಡು ನಿಮಿಷ ತಡಮಾಡಿದ್ದಿಲ್ಲ. ಎರಡನೇ ಪಂಪಿನ ಪಕ್ಕದಲ್ಲೊಂದು ಮರದ ಬೆಂಚಿದೆ. ಅದರ ಮೇಲೆ ಒರಗಿ ಕಣ್ಣು ಮುಚ್ಚಿ ಸದ್ದನ್ನು ಆಲಿಸುತ್ತೇನೆ. (ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆ ಎನ್ನುವುದು ನನ್ನ ಸ್ವಂತ ಸಂಶೋಧನೆ. ಇದನ್ನು ನಿದ್ದೆ ಎಂದು ಕರೆಯುವವರು ಪಂಪ್‌ಹೌಸ್ ನೋಡಿದವರಲ್ಲ.)

ಇಂಥ ಕಠೋರ ತಪಸ್ಸನ್ನು ಮುಗಿಸಿ ಮನೆಗೆ ಬಂದರೆ ನನಗೆ ಕಾದಿರುತ್ತಿದ್ದದ್ದು ಹೊಲಿಗೆ ಮಿಷನ್.

ನನ್ನ ಹೆಂಡತಿ ದರ್ಜಿ. ಹತ್ತಿರದ ಶಾಲೆಯ ಮಕ್ಕಳ ಅಂಗಿಗಳನ್ನೆಲ್ಲ ಅವಳೇ ಹೊಲಿಯುವುದು. ನಮ್ಮದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅವಳ ಕಾಲ್ತುಳಿತದ ಮಿಷನ್, ಹಿಂದಿನ ಕೋಣೆಯಲ್ಲಿ ನನ್ನ ಮಂಚ, ನಡುವೆ ಒಂದು ತೆಳು ಹಲಗೆಯ ಗೋಡೆ. ಆ ಗೋಡೆ ಕಣ್ಣಿಗೆ ಮಾತ್ರ ಗೋಡೆ, ಕಿವಿಗಲ್ಲ. ರಾತ್ರಿ ನಾನು ಪಾಳಿಯಲ್ಲಿರುವಾಗ ಹೊಲಿದುಕೊಳ್ಳಲಿ ಎಂದರೆ, ಎಂಟು ಗಂಟೆಯ ಮೇಲೆ ಮಿಷನ್ ತುಳಿದರೆ ಕೆಳಗಿರುವ ಮನೆ ಮಾಲೀಕರಿಗೆ ನೆತ್ತಿಯ ಮೇಲೆ ಹೊಲಿಗೆ ಹಾಕಿದ ಹಾಗಾಗುತ್ತದಂತೆ. ಆದ್ದರಿಂದ ಅವಳು ಬೆಳಿಗ್ಗೆ ಒಂಬತ್ತೂಕಾಲಿಗೆ ಶುರುಮಾಡುತ್ತಿದ್ದಳು. ನಾನು ಹತ್ತೂವರೆಗೆ ಧಡಕ್ಕನೆ ಎದ್ದು ಕೂಗುತ್ತಿದ್ದೆ.

"ಆ ಮಿಷನ್ ನಿಲ್ಲಿಸ್ತೀಯಾ ಇಲ್ವಾ?"

"ನಿಂತೇ ಇದೆಯಲ್ರೀ."

"ನಾನು ಕೂಗಿದ ಮೇಲೆ ನಿಲ್ಸಿದ್ದು."

"ಇಲ್ಲ, ನೀವು ಕೂಗೋಕೆ ಮೊದಲೇ ನಿಂತಿತ್ತು. ಬಾಬಿನ್ ದಾರ ಮುಗೀತು, ಸುತ್ತಿಕೊಳ್ತಾ ಇದ್ದೆ."

"ಅಂದ್ರೆ ನಾನು ಸುಳ್ಳು ಹೇಳ್ತೀನಾ? ಕಿವೀಲಿ ಇನ್ನೂ ಟಕಟಕ ಅಂತಿದೆ."

"ಕಿವಿ ನಿಮ್ಮದು, ಅದನ್ನ ನಾನು ಹ್ಯಾಗೆ ನಿಲ್ಲಿಸಲಿ?"

ಓದುಗರು ಈ ಸಂಭಾಷಣೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ನಾನು ನೆನಪಿಟ್ಟುಕೊಳ್ಳಲಿಲ್ಲ. ಇಟ್ಟುಕೊಂಡಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಹೀಗಿರುವಾಗ ಹಗಲು ಪಾಳಿಯ ಹಿರಿಯ ಆಪರೇಟರು ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ ಎಂಬ ಸುದ್ದಿ ಬಂತು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗಿನ ಆ ಪಾಳಿಗೆ ಇಬ್ಬರು ಹಕ್ಕುದಾರರು. ಒಬ್ಬ ನಾನು. ಇನ್ನೊಬ್ಬ ಸಂಜೆ ಪಾಳಿಯ ಆಪರೇಟರು, ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುವುದರಿಂದ ನಾವೆಲ್ಲ ಮಫ್ಲರ್ ಎಂದೇ ಕರೆಯುವವನು. ವಿಷಯ ಕೇಳಿ ನನ್ನ ಹೆಂಡತಿ ಕತ್ತರಿ ಕೆಳಗಿಟ್ಟಳು. ಅವಳು ಕತ್ತರಿ ಕೆಳಗಿಟ್ಟು ನನ್ನ ಮಾತು ಕೇಳುವುದು ಅಪರೂಪ.

"ನೀವು ಹಗಲಿಗೆ ಹೋದ್ರೆ ನಾನು ಹಗಲೆಲ್ಲ ಹೊಲೀಬಹುದು," ಎಂದಳು. "ಹೋಗಿ ಕೇಳಿ. ಗಟ್ಟಿಯಾಗಿ ಕೇಳಿ. ನನ್ನ ಹತ್ರ ಕೂಗೋವಷ್ಟು ಗಟ್ಟಿಯಾಗಿ ಕೇಳಿದ್ರೂ ಸಾಕು."

ಹೋಗಿ ಕೇಳಿದೆ. ನಮ್ಮ ಎಂಜಿನಿಯರ್ ಸಾಹೇಬರು ಸಾವಧಾನದ ಮನುಷ್ಯ. ಸಿಟ್ಟು ಮಾಡುವುದಿಲ್ಲ, ಕನ್ನಡಕ ಒರೆಸುತ್ತಾರೆ. ಅದು ಇನ್ನೂ ಭಯಂಕರ.

"ಹಗಲು ಪಾಳಿ ಯಾಕೆ ಬೇಕು?"

"ಹಗಲು ನಿದ್ದೆ ಬರಲ್ಲ ಸಾರ್. ರಾತ್ರಿ ನಿದ್ದೆ ಮಾಡೋ ಹಾಗಿಲ್ಲ. ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷದಿಂದ ನಿದ್ದೆ ಇಲ್ದೆ ಬದುಕಿದ್ದೀರಿ."

"ಹೌದು ಸಾರ್," ಎಂದೆ. ಅವರು ಅದನ್ನು ಪ್ರಶಂಸೆಯಾಗಿ ಹೇಳಿದರೆಂದು ತಿಳಿದಿದ್ದೆ.

"ಎಲ್ಲರೂ ಹೀಗೇ ಹೇಳ್ತಾರೆ. ಹತ್ತು ದಿನದ ದಾಖಲೆ ತನ್ನಿ. ಎಷ್ಟು ಗಂಟೆಗೆ ಮಲಗಿದ್ರಿ, ಎಷ್ಟು ಗಂಟೆಗೆ ಎದ್ರಿ, ಮನೇಲಿ ಆವಾಗ ಏನು ನಡೀತಿತ್ತು, ಎಲ್ಲ ಬೇಕು. ನಿಮ್ಮ ಕೈಬರಹದಲ್ಲಿ ಬೇಡ. ನಿಮ್ಮ ಲಾಗ್‌ಬುಕ್ ನೋಡಿದ್ದೀನಿ. ಹನ್ನೊಂದರಿಂದ ಐದರವರೆಗಿನ ಏಳು ರೀಡಿಂಗೂ ಒಂದೇ ಉಸಿರಿನಲ್ಲಿ ಬರೆದ ಹಾಗಿರತ್ತೆ."

ಅದು ನನ್ನ ಅಕ್ಷರದ ಏಕರೂಪತೆ. ಆದರೆ ವಾದಿಸುವ ಸಮಯ ಅದಾಗಿರಲಿಲ್ಲ.

ಮನೆಗೆ ಬರುವ ದಾರಿಯಲ್ಲೇ ನನಗೆ ಆ ಮಹಾ ಉಪಾಯ ಹೊಳೆಯಿತು. ನನ್ನ ಅತ್ತೆ ಆಗ ನಮ್ಮ ಮನೆಯಲ್ಲೇ ಇದ್ದರು. ಅವರು ದೊಡ್ಡಾಸ್ಪತ್ರೆಯೊಂದರಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದು ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ಕಾಲದಲ್ಲಿ ಆ ವಾರ್ಡಿನಲ್ಲಿ ಡಾಕ್ಟರು ಕೂಡ ಕಾಲೊರೆಸಿಕೊಂಡು ಒಳಗೆ ಬರುತ್ತಿದ್ದರಂತೆ. ಗಂಟೆ ಗಂಟೆಗೂ ರೋಗಿಗಳ ಸ್ಥಿತಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿಡುವುದು ಅವರಿಗೆ ಉಸಿರಾಟವಿದ್ದಂತೆ. ಇಂಥ ಸಾಕ್ಷಿಯನ್ನು ಯಾವ ಎಂಜಿನಿಯರು ತಳ್ಳಿಹಾಕಿಯಾನು? ಮನೆಯಲ್ಲೇ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುವ ಹಾಗಾಗಬಾರದೆಂದು ಅವರನ್ನೇ ಕೇಳಿಕೊಂಡೆ.

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬರೀತೀನಿ ಅಳಿಯಂದ್ರೆ. ಆದ್ರೆ ನನ್ನದು ವಾರ್ಡಿನ ಪದ್ಧತಿ. ಒಪ್ಪಿಗೆ ಇದ್ರೆ ಮಾತ್ರ."

"ಏನು ಪದ್ಧತಿ ಅತ್ತೆ?"

"ಕಂಡದ್ದನ್ನ ಬರೀತೀನಿ, ಕೇಳಿದ್ದನ್ನ ಬರಿಯಲ್ಲ. ಬರೆದದ್ದನ್ನ ತಿದ್ದಲ್ಲ. ಮತ್ತೆ ಚಾರ್ಟನ್ನ ರೋಗಿ ಓದೋ ಹಾಗಿಲ್ಲ. ಅದು ನರ್ಸಿಗೂ ಡಾಕ್ಟ್ರಿಗೂ ಇರೋ ವ್ಯವಹಾರ."

"ನಾನು ರೋಗಿ ಅಲ್ವಲ್ಲ ಅತ್ತೆ."

"ಮಂಚದ ಮೇಲೆ ಮಲಗಿ ಹತ್ತು ದಿನ ನೋಡಿಸಿಕೊಳ್ಳೋರನ್ನ ನಾನು ಇನ್ನೇನಂತ ಬರೀಲಿ?"

ಒಪ್ಪಿದೆ. ಅವತ್ತೇ ನನ್ನ ಮಂಚದ ಕಾಲ ಕಡೆಗೆ ಒಂದು ರಟ್ಟಿನ ಪ್ಯಾಡು ತೂಗಿತು. ಅದರಲ್ಲಿ ನಾಲ್ಕು ಕಾಲಂ: ಸಮಯ, ರೋಗಿಯ ಸ್ಥಿತಿ, ವಾರ್ಡಿನ ಸ್ಥಿತಿ, ಷರಾ. ಪ್ಯಾಡಿನ ಮುಖ ಗೋಡೆಯ ಕಡೆಗಿತ್ತು. ಅದರ ಮೇಲೆ ಒಂದು ಬಿಳಿ ಬಟ್ಟೆಯನ್ನೂ ಹೊದಿಸಿದ್ದರು.

ಮೊದಲ ಮೂರು ದಿನ ಎಲ್ಲ ಎಂದಿನಂತೆ ನಡೆಯಿತು. ಮಿಷನ್ ಓಡಿತು, ಮಿಕ್ಸಿ ಕಿರುಚಿತು, ಕುಕ್ಕರು ಕೂಗಿತು. ನಾನು ದಿನಕ್ಕೆ ನಾಲ್ಕೈದು ಸಲ ಎದ್ದು ಕೂಗಾಡಿದೆ. ಪ್ರತಿ ಸಲವೂ ಅತ್ತೆ ಹೊಸ್ತಿಲಲ್ಲಿ ನಿಂತು ಎದೆಗೆ ಪಿನ್ನು ಹಾಕಿ ಸಿಕ್ಕಿಸಿದ ಗಡಿಯಾರ ನೋಡಿ ಬರೆದುಕೊಂಡರು. ನನಗೆ ಒಳಗೊಳಗೇ ಸಂತೋಷ. ಪುಟ ತುಂಬುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಪಾಳಿ ಮುಗಿಸಿ ಹೊರಡುವಾಗ ಸಾಹೇಬರು ಎದುರಾದರು. "ದಾಖಲೆ ಹ್ಯಾಗೆ ನಡೀತಿದೆ?" ಎಂದರು. ಮಿಷನ್ನಿನ ಕಾಟವನ್ನು ವರ್ಣಿಸಿದೆ. ಅವರು ಕನ್ನಡಕ ಒರೆಸುತ್ತ, "ಹಾಗಾದ್ರೆ ತೊಂದರೆ ಮಿಷನ್ನಿಂದು, ಪಾಳಿಯದ್ದಲ್ಲ," ಎಂದು ಹೇಳಿ ಹೋದರು.

ಸದ್ದೇ ಕಾರಣ ಎಂದಾದರೆ ಹಗಲು ಪಾಳಿ ಮಫ್ಲರ್ ಪಾಲು. ಸದ್ದಿಲ್ಲದಿದ್ದರೂ ನಿದ್ದೆ ಬರುವುದಿಲ್ಲ ಎಂದು ತೋರಿಸಬೇಕಿತ್ತು. ಅಂದರೆ ಮಿಷನ್ ನಿಲ್ಲಬೇಕಿತ್ತು. ಹೆಂಡತಿಗೆ ಹೇಳಿದೆ.

"ಎಷ್ಟು ದಿನ?" ಎಂದಳು.

"ಉಳಿದ ಏಳೂ ದಿನ."

"ನಲವತ್ತು ಅಂಗಿ ಒಪ್ಪಿಕೊಂಡಿದೀನಿ. ಹದಿನೈದಾಗಿದೆ. ನಿಮ್ಮ ಹತ್ತು ದಿನ ಮುಗಿದ ಮಾರನೇ ದಿನವೇ ಶಾಲೆಯವರು ಬಂದು ನಿಲ್ತಾರೆ. ಸಂಜೆ ನೀವೆದ್ದ ಮೇಲೆ ಸಿಗೋ ಎರಡು ಗಂಟೇಲಿ ಕಾಲರ್ ಕೂಡ ಮುಗಿಯಲ್ಲ. ಕೊಡದಿದ್ರೆ ಮುಂದಿನ ವರ್ಷದ ಕೆಲಸ ಬೇರೆಯವರ ಪಾಲು. ಗೊತ್ತಾ ನಿಮಗೆ?"

"ಹಗಲು ಪಾಳಿ ಸಿಕ್ಕರೆ ಜೀವಮಾನವಿಡೀ ಹೊಲೀಬಹುದು."

ಅವಳು ಮಿಷನ್ನಿನ ಮೇಲೆ ಮುಚ್ಚಳ ಹಾಕಿದಳು. ಉಳಿದ ಇಪ್ಪತ್ತೈದು ಅಂಗಿಗಳ ಬಟ್ಟೆಯನ್ನು ಮಡಿಲಿಗೆ ತೆಗೆದುಕೊಂಡು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕುತ್ತ, ಕಾಜಾ ಮಾಡುತ್ತ ಕೂತಳು. ಸೂಜಿಗೆ ಸದ್ದಿಲ್ಲವಷ್ಟೆ.

ಮನೆಯಲ್ಲಿ ಮೌನ ಸಾಮ್ರಾಜ್ಯ ಸ್ಥಾಪನೆಯಾಯಿತು. ಕರೆಗಂಟೆಯ ತಂತಿ ಕಿತ್ತೆ. ಗೋಡೆ ಗಡಿಯಾರವನ್ನು ಬಟ್ಟೆಯ ಗಂಟಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಸ್ಪಂಜು ಇಟ್ಟೆ. (ಊರಿಗೆಲ್ಲ ನೀರು ಕೊಡುವವನ ಮನೆಯ ನಲ್ಲಿ ಸೋರುತ್ತದೆ ಎಂದು ನಗಬೇಡಿ, ಚಪ್ಪಲಿ ಹೊಲಿಯುವವನ ಕಾಲನ್ನು ನೋಡಿ ಬನ್ನಿ.) ಕುಕ್ಕರಿಗೆ ರಜೆ, ಎಲ್ಲ ಅಡುಗೆ ತೆರೆದ ಪಾತ್ರೆಯಲ್ಲಿ. ಅತ್ತೆ ಕಾಲುಚೀಲದಲ್ಲೇ ಓಡಾಡಿದರು. ಮಾತುಕತೆಯೆಲ್ಲ ಕೈಸನ್ನೆಯಲ್ಲಿ. ನನ್ನ ಹೆಂಡತಿ ಕೈಸನ್ನೆಯಲ್ಲೂ ಬೈಯಬಲ್ಲಳು ಎಂಬುದು ಆಗಲೇ ಗೊತ್ತಾದದ್ದು. ಕೊನೆಗೆ ಕಿರ್ರೆನ್ನುವ ಫ್ಯಾನನ್ನೂ ಆರಿಸಿ ಮಲಗಿದೆ.

ನಿದ್ದೆ ಬರಲಿಲ್ಲ. ಬರಲಿಲ್ಲ ಎಂದರೆ ಆ ಕಡೆ ತಲೆಯನ್ನೂ ಹಾಕಲಿಲ್ಲ. ನನ್ನ ರೆಪ್ಪೆ ಬಡಿಯುವುದು ನನಗೇ ಕೇಳಿಸುತ್ತಿತ್ತು. ಮೌನ ಹೆಚ್ಚಾದಷ್ಟೂ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲೋ ಏನೋ ಕೆಟ್ಟಿದೆ, ಎದ್ದು ನೋಡು, ಎಂದು ಯಾರೋ ಒಳಗಿನಿಂದ ನೂಕುತ್ತಿದ್ದರು. ಮೌನದ ಎರಡನೆಯ ದಿನ ಮಧ್ಯಾಹ್ನ ನಾನು ಮಂಚದಿಂದ ಹಾರಿ, ಅತ್ತೆಯನ್ನು ದಾಟಿ, ಹೆಂಡತಿಯ ಗುಂಡಿ ಡಬ್ಬಿಯನ್ನು ಒದ್ದು, ಬಾಗಿಲ ಹಿಂದಿನ ಮೀಟರ್ ಬೋರ್ಡಿಗೆ ಧಾವಿಸಿ ಮೇನ್ ಸ್ವಿಚ್ಚನ್ನು ಇಳಿಸಿ ಏರಿಸಿದೆನಂತೆ. ಇನ್ನೂರು ಗುಂಡಿ ನೆಲದ ತುಂಬ ಹರಡಿತು. ಆ ಗುಂಡಿಗಳು ಬಿದ್ದ ಸದ್ದಿಗೆ ನನಗೆ ಒಂದು ಕ್ಷಣ ಹಿತವಾಯಿತೆಂಬುದು ನಿಜ.

"ಏನಾಯ್ತು ನಿಮಗೆ?" ಹೆಂಡತಿ ಮೌನವ್ರತ ಮುರಿದು ಕೇಳಿದಳು.

"ಏನಿಲ್ಲ. ಕರೆಂಟು ಇದೆಯಾ ನೋಡಿದೆ."

"ಮಲಗಿರೋರಿಗೆ ಕರೆಂಟು ಯಾಕೆ?"

ಅತ್ತೆ ಬರೆದುಕೊಂಡರು.

ನಾಲ್ಕನೆಯ ಮೌನದಿನದ ಹೊತ್ತಿಗೆ ನಾನು ಕಾಫಿಗೆ ಉಪ್ಪು ಹಾಕಿಕೊಂಡು ಚೆನ್ನಾಗಿದೆ ಎನ್ನುವ ಹಂತ ತಲುಪಿದ್ದೆ. ಪಂಪ್‌ಹೌಸಿನಲ್ಲಿ ಆಲಿಸುವುದೂ ಕಷ್ಟವಾಗಿತ್ತು. ಸಾಹೇಬರು ಆ ವಾರವೆಲ್ಲ ರಾತ್ರಿ ಎರಡೆರಡು ಸಲ ಬಂದು ಹೋಗುತ್ತಿದ್ದರು, ಬೆಂಚಿಗೆ ಬೆನ್ನು ತಾಗಿಸಲು ಅವಕಾಶವೇ ಸಿಗುತ್ತಿರಲಿಲ್ಲ. ಅವತ್ತು ಸಂಜೆ ಹೆಂಡತಿ, ಸುಮ್ಮನೆ ಕೂತು ಕೊರಗುವ ಬದಲು ಹೋಗಿ ಬನ್ನಿ ಎಂದು ಡಬ್ಬಿ ಕೊಟ್ಟು ಹಿಟ್ಟಿನ ಗಿರಣಿಗೆ ಕಳಿಸಿದಳು. ಗಿರಣಿಯಲ್ಲಿ ನಾಲ್ಕು ಜನ ನನಗಿಂತ ಮುಂದಿದ್ದರು. ಡಬ್ಬಿಯನ್ನು ಅಪ್ಪಿಕೊಂಡು ಗೋಡೆಗೆ ಒರಗಿ ನಿಂತೆ. ಬೆಲ್ಟು ಧಡಧಡ ಎನ್ನುತ್ತಿತ್ತು. ಆಮೇಲೆ ನೋಡಿದರೆ ಗಿರಣಿಯವನು ಮಿಷನ್ ಆರಿಸಿ ನನ್ನ ಭುಜ ಹಿಡಿದು ನಿಂತಿದ್ದ, ನಾನು ಅವನ ಕೈಕೊಡವಿ ಗೋಡೆಯ ಸ್ವಿಚ್ಚಿನತ್ತ ಕೈ ಚಾಚಿದ್ದೆ. ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹಿಟ್ಟು. ಹೊರಗೆ ಕತ್ತಲಾಗಿತ್ತು.

"ಒಂದೂವರೆ ಗಂಟೆ ನಿಂತೇ ನಿದ್ದೆ ಮಾಡಿದ್ರಿ," ಎಂದ ಗಿರಣಿಯವನು. "ಕುದುರೆ ಹಾಗೆ."

"ಕಣ್ಣು ಮುಚ್ಚಿದ್ದೆ, ಅಷ್ಟೇ," ಎಂದೆ. ಹಿಟ್ಟು ಕಣ್ಣಿಗೆ ಹೋಗಬಾರದಲ್ಲ.

ಮನೆಗೆ ಬಂದಾಗ ಅತ್ತೆ ನನ್ನ ಹಿಟ್ಟಿನ ಮುಖವನ್ನೂ ತಮ್ಮ ಎದೆಯ ಗಡಿಯಾರವನ್ನೂ ನೋಡಿ, ಸೆರಗು ಹೊದ್ದು ಹೊರಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸು ಬಂದರು. ಎಲ್ಲಿಗೆ ಹೋಗಿದ್ದರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೌನದ ಐದು ದಿನ ಕಳೆಯಿತು. ನನ್ನ ಕಣ್ಣು ಗುಳಿಬಿದ್ದು ಒಳಗಿನಿಂದ ಯಾರೋ ಇಣುಕಿ ನೋಡುವ ಹಾಗಾಗಿತ್ತು. ಆದರೂ ಮನಸ್ಸು ಗೆಲುವಾಗಿತ್ತು. ಸದ್ದಿನಲ್ಲೂ ನಿದ್ದೆಯಿಲ್ಲ, ಮೌನದಲ್ಲೂ ನಿದ್ದೆಯಿಲ್ಲ, ಇನ್ನು ಯಾವ ಎಂಜಿನಿಯರು ಏನು ಹೇಳಿಯಾನು ಎಂದುಕೊಂಡೆ. ಒಂಬತ್ತನೆಯ ದಿನ ಬೆಳಿಗ್ಗೆ ಮಲಗಲು ಹೊರಟಾಗ ಹೆಂಡತಿ ಮಿಷನ್ನಿನ ಮುಚ್ಚಳ ತೆಗೆದು ಎಣ್ಣೆ ಬಿಡುತ್ತಿದ್ದಳು.

"ಇದೇನೇ? ಇನ್ನೂ ಎರಡು ದಿನ ಇದೆ."

"ನನಗೂ ಎರಡೇ ದಿನ ಇರೋದು," ಎಂದಳು. "ಇಪ್ಪತ್ತೈದು ಅಂಗಿ. ನಿದ್ದೆ ಹ್ಯಾಗೂ ಬರ್ತಿಲ್ಲ ಅಲ್ವಾ ನಿಮಗೆ? ಇಲ್ಲದ ನಿದ್ದೆಯನ್ನ ನಾನು ಹ್ಯಾಗೆ ಕೆಡಿಸಲಿ?"

ಇದಕ್ಕೆ ಉತ್ತರ ಹುಡುಕುತ್ತ ಮಂಚದ ಮೇಲೆ ಅಡ್ಡಾದೆ. ಪಕ್ಕದ ಮನೆಯಾಕೆಯೂ ತನ್ನ ಮಿಷನ್ನನ್ನು ಹೊತ್ತು ತಂದು ಜೊತೆಗೆ ಕೂತಳು. ಎರಡು ಮಿಷನ್ನುಗಳೂ ಒಟ್ಟಿಗೆ ಶುರುವಾದವು. ಉತ್ತರ ಇನ್ನೇನು ಹೊಳೆಯಬೇಕು ಎನ್ನುವಷ್ಟರಲ್ಲಿ ಸದ್ದು ನಿಂತಿತು. ಎದ್ದು ಕೂತೆ. ಕಿಟಕಿಯ ಬಿಸಿಲು ಗೋಡೆ ಬದಲಾಯಿಸಿತ್ತು.

"ಈಗ ತಾನೇ ಮಲಗಿದ್ದೆ, ಒಂದು ರೆಪ್ಪೆ ಮುಚ್ಚೋಕೂ ಬಿಡಲಿಲ್ಲ ನೀವು," ಎಂದೆ.

"ಮಧ್ಯಾಹ್ನ ಎರಡು ಗಂಟೆ ಆಯ್ತು. ಊಟಕ್ಕೆ ಎದ್ವಿ," ಎಂದಳು ಹೆಂಡತಿ. ಅವಳ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಐದು ದಿನದ ದಣಿವು, ಶರೀರ ತಾನಾಗಿ ಸೋತಿರಬೇಕು ಎಂದುಕೊಂಡೆ. ಊಟ ಮುಗಿದು ಅವರು ಮತ್ತೆ ಕೂತರು, ನಾನು ಮತ್ತೆ ಅಡ್ಡಾದೆ, ಅತ್ತೆ ಮತ್ತೆ ಬರೆದರು. ಹತ್ತನೆಯ ದಿನವೂ ಹಾಗೇ ಆಯಿತು. ಸಂಜೆ ಇಪ್ಪತ್ತೈದನೆಯ ಅಂಗಿಗೆ ಗುಂಡಿ ಬಿತ್ತು.

ಹನ್ನೊಂದನೆಯ ದಿನ ಅತ್ತೆ ಹತ್ತು ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಕೊಟ್ಟರು.

"ಒಂದು ಸಲ ನಾನು ನೋಡಲೇನ್ರೀ?" ಎಂದಳು ಹೆಂಡತಿ.

"ಛೆ, ಇದು ಅಧಿಕೃತ ದಾಖಲೆ. ವಾರ್ಡಿನ ಪದ್ಧತಿ ಅಂದ್ರೆ ಪದ್ಧತಿ," ಎಂದು ಎದೆಯುಬ್ಬಿಸಿ ಹೊರಟೆ. ಕಟುಕನ ಅಂಗಡಿಗೆ ಕುರಿ ತಾನೇ ಚೂರಿ ಹೊತ್ತು ಹೋದದ್ದು ಹೀಗೆಯೇ ಇರಬೇಕು.

ಸಾಹೇಬರು ಲಕೋಟೆ ಬಿಡಿಸಿ ಓದತೊಡಗಿದರು. ಒಂದನೇ ಹಾಳೆ, ಎರಡನೇ ಹಾಳೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರನೆಯ ಹಾಳೆಯನ್ನು ಗಟ್ಟಿಯಾಗಿ ಓದಿದರು.

"ಒಂಬತ್ತೂ ಹದಿನೆಂಟು. ವಾರ್ಡಿನ ಸ್ಥಿತಿ: ಹೊಲಿಗೆ ಮಿಷನ್ ಶುರು. ರೋಗಿಯ ಸ್ಥಿತಿ: ಮೂರು ನಿಮಿಷದಲ್ಲಿ ಗಾಢ ನಿದ್ದೆ, ಗೊರಕೆ. ಹತ್ತೂ ಇಪ್ಪತ್ತೊಂಬತ್ತು. ವಾರ್ಡು: ಬಾಬಿನ್ ದಾರ ಮುಗಿದು ಮಿಷನ್ ನಿಂತಿದೆ. ಹತ್ತೂವರೆ. ರೋಗಿ: ಎದ್ದು ಕೂತು, ಮಿಷನ್ ನಿಲ್ಲಿಸು ಎಂದು ಕೂಗುತ್ತಿದ್ದಾರೆ. ಷರಾ: ಮಿಷನ್ ನಿಂತೇ ಇತ್ತು."

ನಾನು ಲಕೋಟೆಯ ಮೇಲಿನ ಅತ್ತೆಯ ಸಹಿಯನ್ನು ಮತ್ತೊಮ್ಮೆ ನೋಡಿದೆ.

"ಹನ್ನೊಂದೂ ಐದು. ಮಿಕ್ಸಿ ಶುರು, ರೋಗಿ ನಿದ್ದೆ. ಹನ್ನೊಂದೂ ಹನ್ನೆರಡು. ಮಿಕ್ಸಿ ಬಂದ್, ರೋಗಿ ಎಚ್ಚರ." ಅವರು ಹಾಳೆ ತಿರುವಿದರು. "ಐದನೇ ದಿನ. ವಾರ್ಡು: ಸಂಪೂರ್ಣ ನಿಶ್ಶಬ್ದ. ರೋಗಿ: ಮೇನ್ ಸ್ವಿಚ್ಚಿಗೆ ಧಾವಿಸಿ ಇಳಿಸಿ ಏರಿಸಿದರು. ಷರಾ: 'ಎರಡನೇ ಪಂಪು ಟ್ರಿಪ್ಪಾಯ್ತು' ಎಂದು ಎರಡು ಸಲ ಹೇಳಿದರು. ಏಳನೇ ದಿನ. ಹಿಟ್ಟಿನ ಗಿರಣಿಯಲ್ಲಿ ನಿಂತು ಒಂದೂವರೆ ಗಂಟೆ ನಿದ್ದೆ. ಷರಾ: ನಾನು ಕಂಡದ್ದಲ್ಲ. ಗಿರಣಿಯವರನ್ನು ಕೇಳಿ ಅವರ ಸಹಿ ಪಡೆದಿದ್ದೇನೆ."

ಗಿರಣಿಯವನ ಸಹಿ ಇತ್ತು. ಅದಕ್ಕೂ ಸ್ವಲ್ಪ ಹಿಟ್ಟು ಮೆತ್ತಿತ್ತು.

ಕೊನೆಯ ಹಾಳೆಯ ಕೊನೆಯ ಷರಾವನ್ನು ಸಾಹೇಬರು ನಿಧಾನವಾಗಿ ಓದಿದರು. "ರೋಗಿಗೆ ನಿದ್ದೆಯ ತೊಂದರೆ ಇಲ್ಲ. ಯಂತ್ರದ ಸದ್ದು ಇದ್ದರೆ ಮಲಗುತ್ತಾರೆ, ಒಂದು ನಿಮಿಷ ನಿಂತರೆ ಏಳುತ್ತಾರೆ. ಇದು ಬಹಳ ವರ್ಷದ ಅಭ್ಯಾಸವಿರುವಂತೆ ತೋರುತ್ತದೆ."

ಆಮೇಲೆ ಅವರು ನನ್ನನ್ನು ನೋಡಿದರು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಕೇಳಿದ್ದೆ. ಸಂತೆಯಲ್ಲಿ ಮಾತ್ರ ನಿದ್ದೆ ಬರೋರನ್ನ ಇವತ್ತೇ ನೋಡಿದ್ದು. ಈ ಅಭ್ಯಾಸ ನಿಮಗೆ ಎಲ್ಲಿ ಬಂತು?"

ಗೋಡೆಯಾಚೆ ಎರಡು ಪಂಪುಗಳೂ ಗುಂಯ್ ಎನ್ನುತ್ತಿದ್ದವು. ಅಂಥ ಹೊತ್ತಿನಲ್ಲೂ ಆ ಸದ್ದಿಗೆ ನನಗೊಂದು ಆಕಳಿಕೆ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಹನ್ನೊಂದು ವರ್ಷದಲ್ಲಿ ಪಂಪು ನಿಂತು ಎರಡು ನಿಮಿಷ ಮೀರಿದ್ದಿಲ್ಲ. ಅದೂ ನಿಜ," ಎಂದರು. "ಅದಕ್ಕೇ ಇದನ್ನ ಮೇಲಕ್ಕೆ ಕಳಿಸಲ್ಲ."

"ಹಗಲು ಪಾಳಿ, ಸಾರ್?"

"ಹಗಲೂ ಪಂಪು ಓಡ್ತಾನೇ ಇರತ್ತೆ. ಜನ ಬಂದು ಹೋಗೋ ಹೊತ್ತು. ಆಪರೇಟರು ಬೆಂಚಿನ ಮೇಲೆ ಗೊರಕೆ ಹೊಡೆಯೋದನ್ನ ಊರೆಲ್ಲ ನೋಡಲಿ ಅಂತೀರಾ?"

ಮಫ್ಲರ್ ಗೆದ್ದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಇನ್ನೂ ಚರ್ಚೆ ಮಾಡುತ್ತಿರಬಹುದು. ನಮ್ಮ ಸಾಹೇಬರು ಒಂದೇ ವಾರದಲ್ಲಿ ಕಟ್ಟಿಸಿದರು. ಈಗ ಪಂಪ್‌ಹೌಸಿನ ಗೋಡೆಯಲ್ಲಿ ಒಂದು ಕೆಂಪು ಗುಂಡಿಯಿದೆ. ಅರ್ಧ ಗಂಟೆಗೊಮ್ಮೆ ಒತ್ತಬೇಕು. ಒತ್ತದಿದ್ದರೆ ಗಂಟೆ ಹೊಡೆಯುತ್ತದೆ. ಪಂಪ್‌ಹೌಸಿನಲ್ಲಲ್ಲ, ಸಾಹೇಬರ ಮಲಗುವ ಕೋಣೆಯಲ್ಲಿ. ಬೆಂಚನ್ನು ತೆಗೆದು ಬೆನ್ನಿಲ್ಲದ ಒಂದು ಸ್ಟೂಲು ಇಟ್ಟಿದ್ದಾರೆ. ಇದು ಸಾಲದೆಂದು, ಲಾಗ್‌ಬುಕ್ಕನ್ನು ಹೇಗೆ ಬರೆಯಬೇಕೆಂದು ಆಪರೇಟರುಗಳಿಗೆಲ್ಲ ಹೇಳಿಕೊಡಲು ನನ್ನ ಅತ್ತೆಯನ್ನು ಗೌರವಪೂರ್ವಕವಾಗಿ ಕರೆಸಿದರು. ಅತ್ತೆ ಹೋದರು. ಎಲ್ಲರಿಗೂ ಕಾಲೊರೆಸಿಕೊಂಡು ಒಳಗೆ ಬರಲು ಹೇಳಿದರಂತೆ.

ಲಕೋಟೆ ಕೊಟ್ಟ ಆ ದಿನ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ಶಾಲೆಯವರು ಆಗಷ್ಟೇ ಬಂದು ನಲವತ್ತು ಅಂಗಿಗಳನ್ನು ತೆಗೆದುಕೊಂಡು ಹೋಗಿದ್ದರು. ಹೆಂಡತಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು, ಐದು ದಿನದ ಕೈಹೊಲಿಗೆಗೆ ಸೂಜಿ ಚುಚ್ಚಿ ಚುಚ್ಚಿ ಗಾಯವಾಗಿತ್ತು. ನನಗೆ ನಿಜವಾಗಿ ಅವಮಾನ ಅನಿಸಿದ್ದು ಸಾಹೇಬರ ಎದುರಿಗಲ್ಲ, ಆ ಬೆರಳಿನ ಎದುರಿಗೆ. ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆ.

ಅವಳು ಪೂರ್ತಿ ಕೇಳಿದಳು. "ಹನ್ನೊಂದು ವರ್ಷ," ಎಂದಳು ಕೊನೆಗೆ. "ರಾತ್ರಿಯೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಊರು ಕಾಯ್ತಾರೆ ಪಾಪ ಅಂತ, ಬಂದ ತಕ್ಷಣ ಬಿಸಿನೀರು, ಬಿಸಿ ಕಾಫಿ, ಕಾಲಿಗೆ ಎಣ್ಣೆ."

"ಎಣ್ಣೆ ವಾರಕ್ಕೊಂದು ಸಲ ಮಾತ್ರ," ಎಂದೆ. ಹೇಳಬಾರದಿತ್ತು.

ಅತ್ತೆಯ ಕಡೆ ತಿರುಗಿದೆ. "ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಮೂರನೇ ದಿನ ಅನುಮಾನ ಬಂತು. ಮೌನದಲ್ಲಿ ನೋಡಿದ ಮೇಲೆ ಖಾತ್ರಿಯಾಯ್ತು. ಅದಕ್ಕೇ ಮತ್ತೆ ಮಿಷನ್ ತುಳಿ ಅಂತ ಮಗಳಿಗೆ ನಾನೇ ಹೇಳಿದ್ದು."

"ನನಗೊಂದು ಮಾತು ಹೇಳಬಾರದಿತ್ತೇ?"

"ರೋಗಿ ಹತ್ರ ಚಾರ್ಟಿನ ಮಾತಾಡೋದು ನರ್ಸ್ ಕೆಲಸ ಅಲ್ಲ ಅಳಿಯಂದ್ರೆ," ಎಂದು ಅವರು ಬಿಳಿ ಬಟ್ಟೆ ಮಡಚಿದರು. "ನಾನೂ ಹದಿನಾಲ್ಕು ವರ್ಷ ರಾತ್ರಿ ಡ್ಯೂಟಿ ಮಾಡಿದೀನಿ. ಕಣ್ಣು ಮುಚ್ಚಿ ಆಲಿಸೋರು ನನ್ನ ವಾರ್ಡಲ್ಲೂ ಇದ್ರು. ಒಬ್ಬರನ್ನೂ ಬಿಟ್ಟಿಲ್ಲ."

ಈಗ ಹೊಸ ವ್ಯವಸ್ಥೆ ಜಾರಿಯಲ್ಲಿದೆ. ಹಲಗೆಯ ಗೋಡೆಯನ್ನು ಕಿತ್ತು ಹಾಕಿದ್ದೇವೆ. ಮಿಷನ್ ನನ್ನ ಮಂಚದ ತಲೆಯ ಪಕ್ಕಕ್ಕೇ ಬಂದಿದೆ. ರಾತ್ರಿ ಹದಿನಾರು ಸಲ ಕೆಂಪು ಗುಂಡಿ ಒತ್ತಿ, ಏಳು ರೀಡಿಂಗನ್ನು ಏಳು ಸಲ ಎದ್ದು ಬರೆದು ನಿಜವಾಗಿಯೂ ದಣಿದು ಬರುತ್ತೇನೆ. ಒಂಬತ್ತೂಕಾಲಿಗೆ ಅವಳು ತುಳಿಯಲು ಶುರುಮಾಡಿದರೆ ಮೂರು ನಿಮಿಷದಲ್ಲಿ ನನಗೆ ಈ ಲೋಕದ ಪರಿವೆ ಇರುವುದಿಲ್ಲ. ಶಾಲೆಯವರು ಮುಂದಿನ ವರ್ಷಕ್ಕೆ ಎಂಬತ್ತು ಅಂಗಿ ಹೇಳಿದ್ದಾರೆ. ನನಗೆ ಹಗಲು ನಿದ್ದೆ ಸಿಕ್ಕಿದೆ, ಅವಳಿಗೆ ಹಗಲು ಕೆಲಸ ಸಿಕ್ಕಿದೆ. ಹಾವೂ ಸತ್ತಿಲ್ಲ, ಕೋಲೂ ಮುರಿದಿಲ್ಲ.

ಒಂದೇ ಒಂದು ಬದಲಾವಣೆ. ಮೊದಲೆಲ್ಲ ಸೂಜಿಗೆ ದಾರ ಪೋಣಿಸಲು, ಗ್ಯಾಸ್ ಸಿಲಿಂಡರ್ ಎತ್ತಿಡಲು, ಮೇಲಿನ ಕಪಾಟಿನ ಡಬ್ಬಿ ಇಳಿಸಲು ಅವಳು ನನ್ನನ್ನು ನಾಲ್ಕು ಸಲ ಕೂಗಬೇಕಿತ್ತು. ನಾನು ಕೇಳಿಸದವನಂತೆ ಮಗ್ಗುಲು ಬದಲಾಯಿಸುತ್ತಿದ್ದೆ. ಈಗ ಕೂಗುವುದಿಲ್ಲ. ಬಾಗಿಲ ಮೇಲಿನ ನನ್ನ ಒದ್ದೆ ಟವೆಲು ತೆಗೆಸಬೇಕಾದರೂ ಅಷ್ಟೇ, ಒಂದು ಮಾತೂ ಆಡುವುದಿಲ್ಲ. ಮಿಷನ್ನಿನಿಂದ ಕಾಲೆತ್ತುತ್ತಾಳೆ, ಒಂದು ನಿಮಿಷ ಕಾಯುತ್ತಾಳೆ. ನಾನು ಎದ್ದು ನಿಂತಿರುತ್ತೇನೆ.